ಅಪ್ಪನ ವಿಲ್ಲಿನಲ್ಲಿ ಅವ್ವ ಇರಲಿಲ್ಲ

ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ಅಪ್ಪ ಬದುಕಿಡೀ ದಲ್ಲಾಳಿ ಅಂಗಡಿ ನಡೆಸಿದವರು. ಒಂದು ಹಿಡಿ ಹತ್ತಿ ಹಿಸುಕಿ ನೋಡಿ ಥಟ್ಟನೆ ಬೆಲೆ ಹೇಳುವ ಮನುಷ್ಯ, ವಿಲ್ಲು ಬರೆಸುವ ವಿಷಯ ಬಂದರೆ ಮಾತ್ರ ಇವತ್ತು ನಾಳೆ ಎನ್ನುತ್ತಿದ್ದರು. ಹೋದ ದೀಪಾವಳಿಗೆ ನಾನೂ ತಮ್ಮನೂ ಮನೆಗೆ ಬಂದಾಗ, "ಎಲ್ಲಾ ತೀರ್ಮಾನ ಮಾಡೀನಿ, ನಾಳೆ ವಕೀಲರು ಬರ್ತಾರ" ಎಂದು ಮದುವೆ ಗೊತ್ತಾದವರ ಹುಮ್ಮಸ್ಸಿನಲ್ಲಿ ಸಾರಿದರು.

ವಕೀಲರು ಬಂದರು. ಅವ್ವ ಮಂಡಕ್ಕಿ ಒಗ್ಗಾಣಿ ಮಾಡಿಟ್ಟು, ಒಳಗೆ ಮಿರ್ಚಿ ಕರಿಯುತ್ತಿದ್ದಳು. ಅಪ್ಪ ಒಂದೊಂದೇ ಹೇಳುತ್ತ ಹೋದರು. ಮನೆ ತಮ್ಮನಿಗೆ, ಅಂಗಡಿ ನನಗೆ, ಪೆದ್ದಕಡುಬೂರಿನ ಹೊಲ ಇಬ್ಬರಿಗೂ ಸಮ. ಮುಂದೆ ಇದನ್ನೆಲ್ಲ ನಡೆಸಿಕೊಡುವ ಜವಾಬ್ದಾರಿ ನನ್ನದು. ತಮ್ಮನಿಗೆ ಕಾಗದಪತ್ರ ಕಂಡರೆ ಆಕಳಿಕೆ ಬರುತ್ತದೆ. ಸಾಕ್ಷಿಗೆ ಅಳಿಯ, ಅಂದರೆ ನನ್ನ ಗಂಡ, ಬರಲಿ ಅಂದರು. ಆಸ್ತಿ ಸಿಗುವವರ ಮನೆಯವರು ಬೇಡ, ಹೊರಗಿನವರಿರಲಿ ಎಂದು ವಕೀಲರು ತಿದ್ದಿದರು.

"ಮತ್ತೆ ಅಮ್ಮನವರಿಗೆ?" ಎಂದು ಕೇಳಿದರು.

"ಆಕಿಗ್ಯಾಕ?" ಅಪ್ಪ ಬೆರಗಾದರು. "ಆಕಿ ನನಗಿಂತ ಮೊದಲ ಹೋಗಾಕಿ!"

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅಪ್ಪ ತಮಾಷೆ ಮಾಡುತ್ತಿರಲಿಲ್ಲ. ಪ್ರತಿ ಸೋಮವಾರ ಅವ್ವ ದೇವರ ಮುಂದೆ ಕೂತು, "ಮುತ್ತೈದಿಯಾಗೇ ಕರ್ಕೊ ನನ್ನಪ್ಪಾ, ಇವ್ರಿಗಿಂತ ಮೊದಲ ಕರ್ಕೊ" ಎಂದು ಓಣಿಗೆಲ್ಲ ಕೇಳುವಂತೆ ಬೇಡಿಕೊಳ್ಳುತ್ತಾಳೆ. ಪೇಪರಿನಿಂದ ತಲೆ ಎತ್ತದ ಅಪ್ಪ ಅದನ್ನೆಲ್ಲ ಕೇಳಿಸಿಕೊಂಡು, ಆದ ಕೆಲಸವೆಂದೇ ನಂಬಿಬಿಟ್ಟಿದ್ದರು!

ಅವ್ವ ಎಣ್ಣೆ ಸೌಟು ಹಿಡಿದೇ ಹೊರಗೆ ಬಂದಳು. "ಏನ್ರೀ, ನಾ ಬೇಡ್ಕೊಂಡಿದ್ದು ದೇವರನ್ನ, ನಿಮ್ಮನ್ನಲ್ಲ. ಆತ ಇನ್ನಾ ಹೂಂ ಅಂದಿಲ್ಲ. ನಿಮಗ್ಯಾಕ ಇಷ್ಟು ಅವಸರ?"

ವಕೀಲರು ಒಗ್ಗಾಣಿ ನೆತ್ತಿಗೇರಿ ಕೆಮ್ಮಿದರು. ನಾವೆಲ್ಲ ನಕ್ಕೆವು. ಅವ್ವ ನಗಲಿಲ್ಲ.

"ಆತ ನನ್ನ ಮಾತು ಕೇಳ್ಲಿಲ್ಲ ಅಂದ್ರ ನಾ ಎಲ್ಲಿರ್ಲಿ? ಆರು ತಿಂಗ್ಳು ಮಗನ ಮನಿ, ಆರು ತಿಂಗ್ಳು ಮಗಳ ಮನಿ ಅಂತ ಬ್ಯಾಗು ಹಿಡ್ಕೊಂಡು ತಿರುಗ್ಲೇನು?"

"ನನ್ನ ಮನಿ ನಿಂದಲ್ಲೇನವ್ವ?" ಎಂದ ತಮ್ಮ.

"ಇರಾಕ ನಿನ್ನ ಕೇಳಬೇಕಾದ್ರ ಅದು ನನ್ನ ಮನಿ ಹೆಂಗಾಗ್ತೈತೋ?" ಅವ್ವ ಸೌಟನ್ನು ಅವನತ್ತ ತಿರುಗಿಸಿದಳು.

"ಸಾರ್, ಯಾರು ಮೊದಲು ಹೋಗ್ತಾರ ಅಂತ ತೀರ್ಮಾನ ಮಾಡೋದು ನಮ್ಮ ಕೆಲಸ ಅಲ್ಲ ಕದಾ," ಎಂದು ವಕೀಲರು ತೆಲುಗು ಬೆರೆಸಿ ಹೇಳಿದರು. "ಎರಡೂ ಯೋಚನೆ ಮಾಡಿ ಬರೀಬೇಕು."

ಅಪ್ಪನ ಮುಖ ಸಣ್ಣದಾಗಿತ್ತು. "ಬರೀರಿ. ಆಕಿ ಇರೋತನಕ ಮನಿ ಆಕಿದು. ಮ್ಯಾಲಿನ ಮಾಳಿಗಿ ಬಾಡಿಗೀನೂ ಆಕಿದೇ. ಆಮ್ಯಾಲ ಮಗಂದು."

ಅವ್ವ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೂತಳು. "ಹಂಗಾದ್ರ ಈಗ ನಂದೂ ಒಂದು ಬರೀರಿ."

ಅವಳದೆಂದು ಇದ್ದದ್ದು ನಾಗಲದಿನ್ನೆಯ ಹೊಳೆದಂಡೆಯ ತುಂಡು ಹೊಲ. ಅವಳ ಮದುವೆಯಲ್ಲಿ ತವರಿನವರು ಅರಿಶಿನ-ಕುಂಕುಮಕ್ಕೆಂದು ಕೊಟ್ಟದ್ದು. ಅದರ ಮೇಲೆ ನನಗೂ ಕಣ್ಣಿತ್ತು, ಸುಳ್ಳೇಕೆ ಹೇಳಲಿ!

"ಅದು ಇವ್ರಿಗೆ," ಎಂದು ಅಪ್ಪನ ಕಡೆ ಗದ್ದ ತೋರಿಸಿದಳು. "ದೇವ್ರು ನನ್ನ ಮಾತೇ ಕೇಳಿದ್ನಪ್ಪ ಅನ್ರಿ. ಆವಾಗ ಇವ್ರು ಒಂದು ಕಪ್ ಚಾಕ್ಕ ಯಾರ ಮುಂದೂ ಕೈ ಒಡ್ಡಬಾರ್ದು. ಮಕ್ಕಳ ಮುಂದೂ."

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಮಿರ್ಚಿ ಬಾಣಲೆಯಲ್ಲೇ ಕರ್ರಗಾದವು. ಅವನ್ನೇ ನಾವು ತಿಂದೆವು.

ನಾನು ಊರಿಗೆ ಹೊರಡುವ ದಿನ ಸೋಮವಾರ. ಅವ್ವ ಎಂದಿನಂತೆ ದೇವರ ಮುಂದೆ ಕೂತು, "ಇವ್ರಿಗಿಂತ ಮೊದಲ ಕರ್ಕೊ ನನ್ನಪ್ಪಾ" ಎಂದು ದನಿ ತೆಗೆದಳು. ಪಡಸಾಲೆಯಲ್ಲಿ ಪೇಪರು ಕೆಳಗಿಳಿಯಿತು. ಎಂದೂ ಬಾಯಿಬಿಟ್ಟು ದೇವರನ್ನು ಏನೂ ಕೇಳದ ಅಪ್ಪ, ಅವಳಿಗಿಂತ ಜೋರಾಗಿ ಕೂಗಿದರು:

"ಆಕಿ ಮಾತು ಕೇಳಬ್ಯಾಡೋ ಶಿವನೇ!"