ಏಡಿ ಮುದ್ರೆಯ ಚಾಕು

ಪಾಸಕ್ ನದಿಯ ದಂಡೆಯ ಆ ಕಮ್ಮಾರರ ಊರಿನಲ್ಲಿ ಪ್ರಯೋಂಗನ ಬಾಯಿ ಅವನ ಸುತ್ತಿಗೆಗಿಂತ ಜೋರು. ಶನಿವಾರದ ಸಂತೆಯಲ್ಲಿ ಯಾರಾದರೂ ಕಾರ್ಖಾನೆಯ ತೆಳು ಚಾಕು ಕೊಂಡು ಅವನ ಚಾಪೆಯ ಮುಂದೆ ಹಾದುಹೋದರೆ ಮುಗಿಯಿತು.

“ಏನಮ್ಮಾ, ತಗಡು ತಗೊಂಡ್ಯಾ? ಮನೆ ಮಾಡು ಸೋರ್ತಿದ್ಯಾ?” ಎಂದು ಇಡೀ ಸಂತೆಗೆ ಕೇಳುವಂತೆ ಕೂಗುತ್ತಿದ್ದ. ಪಾಪ, ಆ ಹೆಂಗಸರು ಚಾಕುವನ್ನು ಸೊಪ್ಪಿನ ಚೀಲದಡಿಗೆ ತುರುಕಿ ಸರಸರ ನಡೆದುಬಿಡುತ್ತಿದ್ದರು. ಅಗ್ಗವೆಂದು ಮುಗ್ಗಲು ಜೋಳ ಕೊಂಡವರನ್ನು ನೋಡುವಂತೆ ಅವನು ಅವರನ್ನು ನೋಡುತ್ತಿದ್ದ.

ಜಂಬಕ್ಕೆ ಕಾರಣ ಇರಲಿಲ್ಲವೆಂದಲ್ಲ. ಅಜ್ಜನ ಕಾಲದಿಂದ ಅವರದು ಒಂದೇ ಕುಲುಮೆ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕು, ಬಿದಿರಿನ ಇದ್ದಿಲು, ಒಂದೇ ಅಲಗಿನ ಮೇಲೆ ಸರದಿಯಂತೆ ಬೀಳುವ ಮೂರು ಆಳಿನ ಸುತ್ತಿಗೆ. ಕೊನೆಗೆ ಹಿಡಿಯ ಹತ್ತಿರ, ಕಬ್ಬಿಣ ಕೆಂಪಗಿರುವಾಗಲೇ, ಒಂದೇ ಪೆಟ್ಟಿಗೆ ಏಡಿಯ ಮುದ್ರೆ. ಅಜ್ಜಿ ಕೊಂಡ ಚಾಕುವಿನಲ್ಲಿ ಮೊಮ್ಮಗಳು ಮೀನು ಸೀಳುತ್ತಾಳೆ ಎಂದು ಅವನು ಹೇಳುತ್ತಿದ್ದುದು ಸುಳ್ಳಲ್ಲ. ಆ ಚಾಕು ಭಾರ, ಒರೆಸಿಡದಿದ್ದರೆ ಸಂಜೆಗೆ ತುಕ್ಕು ಎನ್ನುವುದನ್ನು ಮಾತ್ರ ಅವನು ಹೇಳುತ್ತಿರಲಿಲ್ಲ.

ಅರವತ್ತೆರಡು ತುಂಬಿದ ವರ್ಷ ಅವನ ಬಲ ಭುಜ ಹಿಡಿದುಕೊಂಡಿತು. ತಟ್ಟೆ ಎತ್ತಬಹುದು, ಸುತ್ತಿಗೆ ಎತ್ತಲಾಗದು. ಜೊತೆಗೆ ಹೊಡೆಯುತ್ತಿದ್ದ ಅಣ್ಣತಮ್ಮಂದಿರಿಬ್ಬರೂ ಊರು ಬಿಟ್ಟು ಫ್ರಿಜ್ಜು ಮಾಡುವ ಕಾರ್ಖಾನೆಗೆ ಸೇರಿಕೊಂಡರು. ಮೂರು ತಿಂಗಳು ಕುಲುಮೆ ತಣ್ಣಗೇ ಇತ್ತು. ಹೆಂಡತಿ ಲಮ್ಯೈಗೆ ಬಿಟ್ಟು ಊರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಏಕೆಂದರೆ ಅವನು ದಿನಾ ಬೆಳಿಗ್ಗೆ ಎದ್ದು ಹಸಿ ಸೌದೆ ಹಾಕಿ ಹೊಗೆ ಎಬ್ಬಿಸುತ್ತಿದ್ದ. ಚಿಕ್ಕ ಸುತ್ತಿಗೆಯಿಂದ ಕಬ್ಬಿಣ ಬಡಿಯುವ ಅಡಿಗಲ್ಲನ್ನು ಸುಮ್ಮನೆ ನಾಲ್ಕು ಸಲ ಕುಟ್ಟುತ್ತಿದ್ದ.

“ಯಾರಿಗೆ ಕೇಳ್ಲಿ ಅಂತ ಈ ನಾಟಕ?” ಎಂದು ಲಮ್ಯೈ ಕೇಳಿದರೆ ಇನ್ನೆರಡು ಸಲ ಕುಟ್ಟುತ್ತಿದ್ದ.

ಹೀಗಿರುವಾಗ ಸಾಯ್‌ಬುವಾ ಬಂದಳು. ದೋಣಿಕಟ್ಟೆಯ ಮರದಡಿಯಲ್ಲಿ ಪರಂಗಿಕಾಯಿ ಕೊಚ್ಚಿ, ಮೆಣಸಿನಕಾಯಿ ಹುಳಿ ಹಾಕಿ ಕುಟ್ಟಿ ಮಾರುವ ಹೆಂಗಸು. ಹದಿನೈದು ವರ್ಷದ ಹಿಂದೆ ಅವಳು ಅಂಗಡಿ ಇಟ್ಟ ದಿನ ಪ್ರಯೋಂಗ್ ಒಂದು ಚಾಕುವನ್ನು ಹಾಗೇ ಕೊಟ್ಟಿದ್ದ. ಅವಳು ಹಾಗೇ ತೆಗೆದುಕೊಳ್ಳಲಿಲ್ಲ. ಪುಕ್ಕಟೆ ಚಾಕು ಕೊಟ್ಟವರ, ಪಡೆದವರ ನಡುವೆ ನಂಟು ಕಡಿಯುತ್ತದೆಂದು ಅಲ್ಲಿಯವರ ನಂಬಿಕೆ. ಒಂದು ಬಾತ್ ನಾಣ್ಯವನ್ನು ಅವನ ಅಂಗೈಗೆ ಒತ್ತಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಂದಿನಿಂದ ಪ್ರತಿ ವರ್ಷ ಕಮ್ಮಾರರ ಗುರುಪೂಜೆಗೆ ಮುಂಚೆ ಅವನಿಂದ ಒಂದು ಚಾಕು ಕೊಳ್ಳುವುದು ಅವಳ ಪದ್ಧತಿ.

“ಅಣ್ಣಾ, ಈ ಸಲ ಒಂಚೂರು ಹಗುರಾಗಿ ಮಾಡ್ಕೊಡಿ. ಮಣಿಕಟ್ಟು ಮೊದಲಿನ ಹಾಗಿಲ್ಲ.”

ನನ್ನ ಭುಜವೂ ಮೊದಲಿನ ಹಾಗಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಜೋರು ಬಾಯಿಗೆ ಆ ಒಂದು ಮಾತು ಬರಲಿಲ್ಲ.

“ಮುಂದಿನ ವಾರ ಬಾ,” ಎಂದುಬಿಟ್ಟ.

ಐದು ದಿನ ತಡೆದ. ಆರನೆಯ ದಿನ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಬಸ್ಸು ಹತ್ತಿ, ಯಾರೂ ಗುರುತು ಹಿಡಿಯದ ಪೇಟೆಗೆ ಹೋದ. ಪಾತ್ರೆ ಅಂಗಡಿಯಲ್ಲಿ ನೀಲಿ ಪ್ಲಾಸ್ಟಿಕ್ ಹಿಡಿಯ ಚಾಕುಗಳು ಡಬ್ಬದಲ್ಲಿ ತಲೆಕೆಳಗಾಗಿ ನಿಂತಿದ್ದವು. ಒಂದನ್ನು ಎತ್ತಿ ಹೆಬ್ಬೆರಳಿನ ಮೇಲೆ ಅಲಗಿನ ಬಾಯಿ ಎಷ್ಟು ಹರಿತವೆಂದು ನೋಡಿದ. ಮನಸ್ಸಿಗೆ ಕಸಿವಿಸಿಯಾಯಿತು, ಯಾಕೆಂದರೆ ಬಾಯಿ ಚೆನ್ನಾಗಿತ್ತು.

“ತಗೊಳ್ಳಿ ತಾತ, ನಲವತ್ತೇ ಬಾತು,” ಎಂದಳು ಅಂಗಡಿಯ ಹುಡುಗಿ. “ಆ ಕಮ್ಮಾರರ ಊರಿನ ಚಾಕುಗಳಿವೆಯಲ್ಲಾ, ಅದಕ್ಕೆ ಸುಮ್ನೆ ದುಡ್ಡು ಸುರೀಬೇಡಿ. ಕಲ್ಲು ಹೊತ್ತಂಗಿರ್ತವೆ. ಅಲ್ವಾ?”

“ಹೌದಮ್ಮ,” ಎಂದ ಪ್ರಯೋಂಗ್.

ಬಸ್ಸಿನಲ್ಲಿ ಬರುವಾಗ ಆ ‘ಹೌದು’ ಮತ್ತೆ ಮತ್ತೆ ಕಿವಿಯಲ್ಲಿ ಕೇಳುತ್ತಿತ್ತು. ಅಜ್ಜನನ್ನು, ಅಪ್ಪನನ್ನು ಒಂದೇ ಮಾತಿಗೆ ಮಾರಿ ಬಂದಂತೆ ಅನಿಸಿ ನಾಚಿಕೆಯಾಯಿತು.

ಆದರೂ ಮನೆಗೆ ಬಂದು ಕೆಲಸಕ್ಕೆ ಕೂತ. ಕಾರ್ಖಾನೆಯ ಹೆಸರನ್ನು ಉಜ್ಜಿ ತೆಗೆದ. ನೀಲಿ ಹಿಡಿ ಒಡೆದು ಬೀಟೆ ಮರದ ಹಿಡಿ ಕೂರಿಸಿದ. ಆಮೇಲೆ ಏಡಿ ಮುದ್ರೆ. ತಣ್ಣನೆಯ ಅಲಗಿನ ಮೇಲೆ ಮುದ್ರೆ ಸುಲಭಕ್ಕೆ ಕೂರುವುದಿಲ್ಲ. ಎಡಗೈಯಲ್ಲಿ ಎಂಟು ಸಲ ಹೊಡೆದ.

ಬಾಗಿಲಲ್ಲಿ ನಿಂತಿದ್ದ ಲಮ್ಯೈ, “ಏಡಿಗೇ ಇಷ್ಟ ಇಲ್ಲ ಅನ್ಸುತ್ತೆ, ಬಿಟ್ಬಿಡಿ,” ಎಂದಳು. ಅವನು ಒಂಬತ್ತನೆಯದನ್ನೂ ಹೊಡೆದ.

“ಹೊಸ ಉಕ್ಕು. ತುಕ್ಕು ಹಿಡಿಯಲ್ಲ,” ಎಂದು ಸಾಯ್‌ಬುವಾಳಿಗೆ ಕೊಟ್ಟು, ಎಂದಿನ ಮುನ್ನೂರು ಬಾತ್ ತೆಗೆದುಕೊಂಡ.

ಹತ್ತು ದಿನಕ್ಕೆ ಅವಳು ಒಂದು ಪೊಟ್ಟಣ ಪರಂಗಿಕಾಯಿ ಹಿಡಿದು ಮನೆಗೇ ಬಂದಳು. ಮುಖ ಅರಳಿತ್ತು.

“ಅಣ್ಣಾ, ಬೈಬೇಡಿ, ಒಂದು ವಿಷಯ ಹೇಳ್ತೀನಿ. ಇಷ್ಟು ವರ್ಷ ನಿಮ್ಮ ಚಾಕು ನಾನು ಬಳಸ್ತಾನೇ ಇರ್ಲಿಲ್ಲ. ಭಾರ ತಡೆಯೋಕಾಗ್ತಿರ್ಲಿಲ್ಲ. ಎಲ್ಲಾ ಎಣ್ಣೆ ಸವರಿ ಪೆಟ್ಟಿಗೇಲಿ ಇಟ್ಟಿದೀನಿ. ನೀವು ತಿನ್ನೋಕೆ ಬರೋದು ಕಂಡ್ರೆ ಮಾತ್ರ ಒಂದು ಆಚೆ ತೆಗೀತಿದ್ದೆ.”

ಪ್ರಯೋಂಗ್ ಪೊಟ್ಟಣ ಬಿಚ್ಚುತ್ತಿದ್ದವನು ನಿಲ್ಲಿಸಿದ. “ಮತ್ತೆ ಯಾವುದ್ರಲ್ಲಿ ಕೊಚ್ತಿದ್ದೆ?”

“ಅದೇ, ಪೇಟೆಯ ನೀಲಿ ಹಿಡಿ ಇರೋದು, ನಲವತ್ತು ಬಾತಿಂದು. ನಾಚಿಕೆ ಆಗುತ್ತಪ್ಪ ಹೇಳೋಕೆ. ಈಗ ಅದನ್ನ ಸೊಸೆಗೆ ಕೊಟ್ಬಿಟ್ಟೆ. ನಿಮ್ಮ ಈ ಚಾಕು ಮುಂದೆ ಅದು ಯಾವ ಮೂಲೆಗೆ! ಹಿಡಿದರೆ ಗೊತ್ತಾಗುತ್ತೆ, ಕೈಕೆಲಸ ಕೈಕೆಲಸಾನೇ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪ್ರಯೋಂಗನೂ ಭುಜ ನೀವಿಕೊಂಡ, ಅದು ನೋಯುತ್ತಲೂ ಇತ್ತು. ಹದಿನೈದು ವರ್ಷ ತನ್ನ ಬಾಯಿಗೆ ಹೆದರಿ ಈ ಹೆಂಗಸು ಕದ್ದು ಕೆಲಸ ಮಾಡಿದಳಲ್ಲ ಎಂದು ಒಂದು ನಾಚಿಕೆ. ಕೈಗೆ ಹಿತವಾದ ಚಾಕು ಅವಳಲ್ಲಿ ಮೊದಲೇ ಇತ್ತು, ಅದನ್ನೇ ತಾನು ಅವಳಿಗೆ ಇನ್ನೊಮ್ಮೆ ಮಾರಿದೆನಲ್ಲ ಎಂದು ಅದಕ್ಕಿಂತ ದೊಡ್ಡ ನಾಚಿಕೆ. ಈಗಲಾದರೂ ಹೇಳೋಣವೆಂದು ಬಾಯಿ ತೆರೆದ.

“ಗುರುವಾರ ಪೂಜೆಗೆ ಇದನ್ನೇ ತಂದು ಗುರುಪೀಠದಲ್ಲಿ ಇಡ್ತೀನಿ ಅಣ್ಣ. ನಿಮ್ಮ ಕೈಯಿಂದ ಬಂದಿರೋದ್ರಲ್ಲೆಲ್ಲಾ ಇದೇ ಚೆನ್ನಾಗಿರೋದು,” ಎಂದಳು ಅವಳು. ಅವನ ಬಾಯಿ ಮುಚ್ಚಿಕೊಂಡಿತು.

ಗುರುವಾರ ಬೆಳಿಗ್ಗೆ ಊರಿನ ಕಮ್ಮಾರರು, ಉಳಿದ ಊರವರು ಎಲ್ಲ ದೊಡ್ಡ ಚಪ್ಪರದಲ್ಲಿ ಸೇರಿದರು. ಪೀಠದ ಮೇಲೆ ಹಂದಿಯ ತಲೆ, ಬೇಯಿಸಿದ ಮೊಟ್ಟೆ, ಮದ್ಯ, ಬಾಳೆಹಣ್ಣು. ಕೆಳಗೆ ಸಾಲಾಗಿ ತಿದಿ, ಇಕ್ಕಳ, ಸುತ್ತಿಗೆ, ವರ್ಷದ ಹೊಸ ಅಲಗುಗಳು. ಊರಿನ ಅತಿ ಹಿರಿಯ ಕಮ್ಮಾರ ಬಿಳಿ ಗಂಧದ ಬಟ್ಟಲು ಹಿಡಿದು ಒಂದೊಂದಕ್ಕೂ ಮೂರು ಬೊಟ್ಟಿಡುತ್ತ ಬಂದ. ಬೊಟ್ಟು ಬಿದ್ದ ಮೇಲೆ ಆ ಕೆಲಸ ಕಸುಬು ಕಲಿಸಿದ ಗುರುವಿನದೇ ಎಂದು ಲೆಕ್ಕ.

ಸಾಯ್‌ಬುವಾಳ ಚಾಕುವಿನ ಹತ್ತಿರ ಹಿರಿಯ ನಿಂತ. ಎತ್ತಿ ತೂಗಿ ನೋಡಿದ. ಉಗುರಿನಿಂದ ಅಲಗನ್ನು ಮೀಟಿದ. ಎಪ್ಪತ್ತು ವರ್ಷ ಕಬ್ಬಿಣದ ದನಿ ಕೇಳಿದ ಕಿವಿ ಅದು. ಏಡಿಯನ್ನು ನೋಡಿದ, ಆಮೇಲೆ ಪ್ರಯೋಂಗನನ್ನು ನೋಡಿದ. ಗಂಧದ ಬೆರಳು ಅಲಗಿನ ಮೇಲೆ ತಡೆದು ನಿಂತಿತು.

“ಇಡ್ಲೇನಪ್ಪಾ?” ಎಂದು ಮೆಲ್ಲಗೆ ಕೇಳಿದ.

ಒಂದು ‘ಹೂಂ’ ಸಾಕಿತ್ತು. ಹಿರಿಯ ಬಯಲು ಮಾಡುವವನಲ್ಲ.

“ಬೇಡಣ್ಣ,” ಎಂದ ಪ್ರಯೋಂಗ್. ದನಿ ಅವನದೇ ಅನಿಸಲಿಲ್ಲ. “ಅದು ನಾನು ಹೊಡೆದದ್ದಲ್ಲ. ಪೇಟೇಲಿ ತಂದಿದ್ದು. ಭುಜ ಹೋಗಿ ನಾಲ್ಕು ತಿಂಗಳಾಯ್ತು. ಮುದ್ರೆ ಮಾತ್ರ ನಂದು.”

ಸಾಯ್‌ಬುವಾ ಮುಂದೆ ಬಂದಳು. “ಹಾಗಾದ್ರೆ ನಾನು ಸೊಸೆಗೆ ಕೊಟ್ಟಿದ್ದು?”

“ಅದೂ ಇದೇನೇ, ಬುವಾ.”

ಹಿಂದಿನ ಸಾಲಿನಿಂದ ಒಂದು ಹೆಣ್ಣುದನಿ ಬಂತು: “ಏನಣ್ಣಾ, ಮನೆ ಮಾಡು ಸೋರ್ತಿದ್ಯಾ?”

ಚಪ್ಪರ ಬಿರಿಯುವಂತೆ ನಗೆ ಎದ್ದಿತು. ಸೊಪ್ಪಿನ ಚೀಲದಡಿ ಚಾಕು ಬಚ್ಚಿಟ್ಟುಕೊಂಡು ನಡೆದ ಹೆಂಗಸರೆಲ್ಲ ಅಲ್ಲಿದ್ದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ಪ್ರಯೋಂಗನಿಗೆ. ಲಮ್ಯೈ ಮಾತ್ರ ನಗಲಿಲ್ಲ, ಎದ್ದು ಬಂದು ಅವನ ಪಕ್ಕದಲ್ಲಿ ನಿಂತಳು.

ಅವನು ಚಾಕು ಎತ್ತಿಕೊಂಡು ಮೂಲೆಯ ಸಾಣೆಕಲ್ಲಿನ ಹತ್ತಿರ ಹೋದ. ಲಮ್ಯೈ ಚಕ್ರ ತಿರುಗಿಸಿದಳು. ಅವನು ಎಡಗೈಯಿಂದ ಹಿಡಿದು ಏಡಿಯನ್ನು ತೇಯ್ದ. ಕೊಂಡಿಗಳು ಹೋದವು, ಕಾಲುಗಳು ಹೋದವು. ನಗೆ ತಾನಾಗಿ ಅಡಗಿತು, ಏಕೆಂದರೆ ಅಲ್ಲಿ ಕೂತವರೆಲ್ಲ ಕಮ್ಮಾರರ ಊರಿನವರು, ತಮ್ಮ ಮುದ್ರೆಯನ್ನು ತಾವೇ ತೇಯುವುದೆಂದರೆ ಏನೆಂದು ಅವರಿಗೆ ಗೊತ್ತು.

ಅಲಗನ್ನು ಅಂಗಿಗೆ ಒರೆಸಿ, ಮುನ್ನೂರು ಬಾತಿನ ಜೊತೆ ಸಾಯ್‌ಬುವಾಳ ಮುಂದೆ ಹಿಡಿದ.

“ಒಳ್ಳೆ ಚಾಕು ಕಣಮ್ಮ. ನಲವತ್ತಕ್ಕೆ ಮೋಸ ಇಲ್ಲ. ಪರಂಗಿಕಾಯಿಗೆ ನನ್ನದಕ್ಕಿಂತ ಇದೇ ವಾಸಿ. ಇದನ್ನ ಸಂತೇಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ.”

ಸಾಯ್‌ಬುವಾ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿದಳು. ಚಾಕುವನ್ನು ಮುಟ್ಟಲಿಲ್ಲ. ಇನ್ನು ಮುಟ್ಟುವುದೂ ಇಲ್ಲವೇನೋ ಎಂದು ಅವನಿಗೆ ಹೆದರಿಕೆಯಾಯಿತು. ಅವಳು ಸೊಂಟದ ಚೀಲದಲ್ಲಿ ಕೈಯಾಡಿಸುತ್ತಲೇ ಇದ್ದಳು.

“ಕೈ ಚಾಚಿ,” ಎಂದಳು. “ಪುಕ್ಕಟೆ ತಗೊಂಡು ನಂಟು ಕಡ್ಕೊಳ್ಳೋಕೆ ನಾನು ತಯಾರಿಲ್ಲ.”

ಸಾಣೆಯ ಧೂಳಿನಿಂದ ಕಪ್ಪಾದ ಅಂಗೈಯನ್ನು ಅವನು ಚಾಚಿದ. ಅವಳು ಒಂದು ಬಾತ್ ನಾಣ್ಯವನ್ನು ಅದರೊಳಗೆ ಒತ್ತಿದಳು, ಹದಿನೈದು ವರ್ಷದ ಹಿಂದಿನಂತೆಯೇ. ಅಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಇಂದು ತಲೆ ಎತ್ತಲಾಗಲಿಲ್ಲ.