ಬಫರಿನ ತೂಕ

ಅಂಕಲ್ ಅವರ ಎಡಗಿವಿಯ ಅಂಚಿನ ಬಿಳಿ ಕೂದಲಿಗೆ ಸದಾ ಒಂದಿಷ್ಟು ಗ್ರೀಸ್ ಮೆತ್ತಿಕೊಂಡಿರುತ್ತಿತ್ತು. ಬಲಗಿವಿ ಹುಬ್ಬಳ್ಳಿಯ ಲೇತ್ ಮೆಷಿನ್ನುಗಳ ಸದ್ದಿಗೆ ಹಿಂದೆಯೇ ಮಂದವಾಗಿತ್ತಂತೆ. ಹಾಗಾಗಿ ರೈಫಲ್‌ನ ಯಾವ ಬಫರ್ ಕೈಗೆ ಬಂದರೂ, ತೆಂಗಿನಕಾಯಿ ಆರಿಸುವವರ ಹಾಗೆ, ಎಡಗಿವಿಗೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ತಕ್ಕಡಿ ಪಕ್ಕದಲ್ಲೇ ಇತ್ತು. "ತಕ್ಕಡಿ ಸುಳ್ಳು ಹೇಳಂಗಿಲ್ಲ ತಂಗಿ, ಆದ್ರ ಎಲ್ಲಾನೂ ಹೇಳಂಗಿಲ್ಲ" ಅನ್ನುವರು.

ಪಿಸ್ಕಾಟವೇ ಹತ್ತಿರದ ಒಂದು ಬಂದೂಕು ರಿಪೇರಿ ಅಂಗಡಿ ಅದು. ಸುತ್ತಲಿನ ಊರುಗಳ ಪೊಲೀಸರ ರೈಫಲ್‌ಗಳು ಅಲ್ಲಿಗೆ ಬರುತ್ತಿದ್ದವು. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಇಲ್ಲಿ ಏಳು ವರ್ಷ ಮನೆಯಲ್ಲಿ ಕೂತು ತಲೆ ಕೆಟ್ಟು ಹೋಗಿದ್ದ ನಾನು, ಗ್ರೀನ್ ಕಾರ್ಡ್ ಬಂದ ಕೂಡಲೇ ಅಲ್ಲಿ ಸೇರಿಕೊಂಡೆ. ಕನ್ನಡದವರ ಮನೆಗಳಲ್ಲಿ ಯಾರಾದರೂ ಕೇಳಿದರೆ "ಮೆಷಿನ್ ಶಾಪ್" ಎಂದು ಮಾತು ತೇಲಿಸಿಬಿಡುತ್ತಿದ್ದೆ. ಮೊದಲ ದಿನ, ಅಲ್ಲಿನ ಹಿರಿಯ ಕೆಲಸಗಾರರಾಗಿದ್ದ ಅಂಕಲ್ ಕೇಳಿದ್ದು ಒಂದೇ, "ಯಾವೂರವಾ?"

"ಮೈಸೂರು ಅಂಕಲ್."

"ಹಂಗಾರ ನೀ ಸಾವಕಾಶ ಇರಬೇಕಲ್ಲ." ಅಷ್ಟರಲ್ಲಿ ನಾನು ಅವರ ಮೂರು ಡ್ರಾಯರ್ ಎಳೆದು ನೋಡಿಯಾಗಿತ್ತು. ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ, ಅದು ಹುಟ್ಟುಗುಣ.

ಬಫರ್ ಅಂದರೆ ರೈಫಲ್‌ನ ಹಿಂಬದಿಯ ಕೊಳವೆಯಲ್ಲಿ ಸ್ಪ್ರಿಂಗಿನ ಜೊತೆ ಕೂರುವ, ಬೆರಳುದ್ದದ ಲೋಹದ ತುಂಡು. ಅದರೊಳಗೆ ಪುಟ್ಟ ತೂಕಗಳು ಸರಿದಾಡುತ್ತವೆ. ಗುಂಡು ಹಾರಿದಾಗ ಬೋಲ್ಟ್, ಅಂದರೆ ತೋಟಾದ ಹಿಂದೆ ಮುಚ್ಚಿಕೊಂಡಿರುವ ಲೋಹದ ತುಂಡು, ಹಿಂದೆ ಬಂದು, ಖಾಲಿ ತೋಟಾ ಆಚೆ ಎಸೆದು, ಹೊಸದನ್ನು ತಳ್ಳಿಕೊಂಡು ಮುಂದೆ ಹೋಗಬೇಕು. ಪೊಲೀಸ್ ಕಾರಿನಲ್ಲಿಡುವ ಗಿಡ್ಡ ನಳಿಗೆಯ ರೈಫಲ್‌ಗಳಲ್ಲಿ ಬೋಲ್ಟ್ ವಿಪರೀತ ಜೋರಾಗಿ ಹಿಂದಕ್ಕೆ ಬಡಿಯುತ್ತದೆ. ಭಾರದ ಬಫರ್ ಹಾಕಿದರೆ ಆ ಬಡಿತ ತಗ್ಗುತ್ತದೆ. ಭಾರ ಅತಿಯಾದರೆ, ಅದರಲ್ಲೂ ಚಳಿಗೆ ಗ್ರೀಸ್ ಗಟ್ಟಿಯಾದಾಗ, ಬೋಲ್ಟ್ ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅಂಕಲ್ ಪ್ರತಿ ರೈಫಲನ್ನೂ ಎರಡು ಸಲ ಹಾರಿಸಿ ನೋಡುತ್ತಿದ್ದರು. ಒಮ್ಮೆ ಅಂಗಡಿಯೊಳಗೆ ಬೆಚ್ಚಗಿದ್ದ ಗುಂಡು ಹಾರಿಸುವ ರೇಂಜಿನಲ್ಲಿ, ಇನ್ನೊಮ್ಮೆ ಹಿಂಬಾಗಿಲ ಆಚೆ ಬೀಗ ಹಾಕಿದ ಜಾಲರಿ ಗೂಡಿನಲ್ಲಿ ಎರಡು ಗಂಟೆ ತಣ್ಣಗಾಗಲು ಬಿಟ್ಟು. ಕಾರ್ಡಿನಲ್ಲಿ ಎರಡಕ್ಕೂ ಒಂದೊಂದು ಚೌಕ. ಟಿಕ್ ಯಾರೇ ಹಾಕಲಿ, ಕೆಳಗೆ ಅಂಕಲ್ ಸಹಿ.

ಜನವರಿಯ ಒಂದು ಶುಕ್ರವಾರ ನಾನೇ ಒಂದು ಗಿಡ್ಡ ರೈಫಲ್‌ಗೆ ಬಫರ್ ಆರಿಸಿದೆ. ಇದ್ದುದರಲ್ಲೇ ಭಾರದ್ದು ಹಾಕಿದೆ. ಒಳಗೆ ಹಾರಿಸಿದರೆ ಬೆಣ್ಣೆಯ ಹಾಗೆ ಓಡಿತು. ಸಂಜೆ ಮಗಳ ಸ್ಕೂಲಿನಲ್ಲಿ ಕಾನ್ಸರ್ಟ್ ಇತ್ತು. ಚಳಿಯಲ್ಲಿಟ್ಟು ಎರಡು ಗಂಟೆ ಯಾರು ಕಾಯುತ್ತಾರೆ? ಎರಡೂ ಚೌಕಕ್ಕೆ ಟಿಕ್ ಹಾಕಿದೆ. ಬೇರೆ ಕೆಲಸದಲ್ಲಿದ್ದ ಅಂಕಲ್ ನನ್ನನ್ನು ನಂಬಿ ಸಹಿ ಮಾಡಿದರು. ನಾನು ಹೊರಡುವ ಮೊದಲೇ ಪೊಲೀಸಿನವರು ಬಂದು ಒಯ್ದರು.

ಮರುದಿನ ಕೆಂಡಲ್ ಪಾರ್ಕ್ ಊರಿನ ಗೆಳತಿಯ ಮನೆಯಲ್ಲಿ ಅವಳ ಮಗುವಿನ ಹುಟ್ಟುಹಬ್ಬ. ತಟ್ಟೆಯಲ್ಲಿ ಬಿಸಿಬೇಳೆಬಾತ್, ಕಿಟಕಿಯಾಚೆ ಮೊಣಕಾಲುದ್ದ ಹಿಮ. ಉಣ್ಣದೆ ತಟ್ಟೆ ಕೆಳಗಿಟ್ಟೆ. ಅಡುಗೆಮನೆಗೆ ಹೋದೆ, ಬೇಸ್‌ಮೆಂಟಿಗಿಳಿದೆ, ಗರಾಜಿಗೆ ಬಂದೆ, ಮತ್ತೆ ಅಡುಗೆಮನೆ. "ಅಮ್ಮಾ, ವೈ ಆರ್ ಯೂ ವಾಕಿಂಗ್ ಇನ್ ಸರ್ಕಲ್ಸ್?" ಎಂದಳು ಮಗಳು. ಆ ರೈಫಲ್ ಈ ಚಳಿಯಲ್ಲಿ ಯಾರದೋ ಕಾರಿನಲ್ಲಿದೆ. ಅದು ಬೇಕಾದ ಹೊತ್ತಿಗೆ ಓಡದೆ ಹೋದರೆ ಆ ಮನುಷ್ಯನ ಪ್ರಾಣ ಹೋಗುತ್ತದೆ. ಹೇಳಿದರೆ ಏಳು ವರ್ಷ ಕಾದು ಸಿಕ್ಕ ಕೆಲಸ ಹೋಗುತ್ತದೆ. ಗರಾಜಿನಲ್ಲಿ ನಿಂತು ಅಂಕಲ್‌ಗೆ ಫೋನ್ ಮಾಡಿದೆ.

"ಅಂಕಲ್, ನಿನ್ನೆ ಹೋಯ್ತಲ್ಲ ರೈಫಲ್, ಅದನ್ನ ಚಳೀಲಿಟ್ಟು ನಾನು ಟೆಸ್ಟೇ ಮಾಡ್ಲಿಲ್ಲ. ಸುಮ್ನೆ ಟಿಕ್ ಹಾಕ್ಬಿಟ್ಟೆ."

ಅಂಕಲ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಪೊಲೀಸರಿಗೆ ನಾ ಹೇಳ್ತೀನಿ. ನೀ ಅಂಗಡಿಗೆ ಬಾ."

ಅಂಕಲ್ ಮೆಟುಚೆನ್‌ನ ತಮ್ಮ ಮನೆಯಿಂದ ಆ ಹಿಮದಲ್ಲಿ ಡ್ರೈವ್ ಮಾಡಿಕೊಂಡು ನನಗಿಂತ ಮೊದಲೇ ಬಂದಿದ್ದರು. ರೈಫಲ್ ತಂದವಳು ಅದನ್ನು ಕಾರಿನಲ್ಲಿಟ್ಟುಕೊಳ್ಳುವ ಆಫೀಸರೇ, ನನಗಿಂತ ಚಿಕ್ಕವಳು. ರೈಫಲನ್ನು ಹೊರಗಿಟ್ಟು ಕಾದೆವು. ಅಂಕಲ್ ಬೆಂಚಿನ ಆ ಬದಿ ತಿರುಗಾಡಿದರು, ನಾನು ಈ ಬದಿ. ಯಾರೂ ಕೂರಲಿಲ್ಲ. ಆಮೇಲೆ ಅಂಕಲ್ ಹಾರಿಸಿದರು. ಮೊದಲನೆಯದು ಹೋಯಿತು. ಎರಡನೆಯದಕ್ಕೆ ಬೋಲ್ಟ್ ಅರ್ಧಕ್ಕೇ ನಿಂತಿತು, ಖಾಲಿ ತೋಟಾ ಬಾಯಿಯಲ್ಲೇ ಕಚ್ಚಿಕೊಂಡಿತು.

ಆಕೆ ಅದನ್ನೇ ನೋಡುತ್ತ ನಿಂತಳು. ರಾತ್ರಿಯಿಡೀ ಇದು ನನ್ನ ಕಾರಿನಲ್ಲಿತ್ತು, ಎಂದಳು.

"ಅವರ್ ಮಿಸ್ಟೇಕ್, ಆಫೀಸರ್" ಎಂದರು ಅಂಕಲ್. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಮಟ್ಟ ಹಗುರದ ಬಫರ್ ಹಾಕಿ, ಮತ್ತೆ ಎರಡು ಗಂಟೆ ಚಳಿಯಲ್ಲಿಟ್ಟು, ಮೂವತ್ತು ಗುಂಡು ಹಾರಿಸಿದರು. ಒಂದೂ ನಿಲ್ಲಲಿಲ್ಲ.

ಸೋಮವಾರ ಅಂಗಡಿಯ ಮಾಲೀಕ ಆ ಕಾರ್ಡ್ ಹಿಡಿದುಕೊಂಡು ಬಂದು ಯಾರು ಟಿಕ್ ಹಾಕಿದ್ದು ಎಂದು ಕೇಳಿದ. "ನಾನು" ಎಂದೆ. ಅಂಕಲ್ ತಮ್ಮ ಹುಬ್ಬಳ್ಳಿ ಇಂಗ್ಲಿಷಿನಲ್ಲಿ, ಈಕೆ ತಾನಾಗಿ ಫೋನ್ ಮಾಡಿದಳು, ನಾನು ನೋಡದೆ ಸಹಿ ಮಾಡಿದೆ, ಕೆಲಸದಿಂದ ತೆಗೆಯುವುದಾದರೆ ಇಬ್ಬರನ್ನೂ ತೆಗೆ ಎಂದರು. ಮಾಲೀಕ ಗೊಣಗುತ್ತ ಹೋದ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ.

"ಗಡಿಬಿಡಿ ನಿನ್ನ ಸ್ವಭಾವ, ಅದು ಹೋಗಂಗಿಲ್ಲ ಬಿಡು. ಆದ್ರ ನೋಡಲಾರದ ನೋಡೀನಿ ಅಂತ ಬರೀಬ್ಯಾಡ."

ಹೋದ ವರ್ಷ ಅವರ ಹೃದಯ ನಿಂತಿತು. ದೇಹವಿಟ್ಟಿದ್ದ ಫ್ಯೂನರಲ್ ಹೋಮಿನಲ್ಲಿ ಅವರ ಹೆಂಡತಿ, ಆಂಟಿಯ ಪಕ್ಕ ಕೂತಿದ್ದಾಗ ಆ ಆಫೀಸರ್ ಬಂದಳು, ಯೂನಿಫಾರ್ಮ್ ಇಲ್ಲದೆ, ಕೈಯಲ್ಲಿ ಮಗು. ಅಂಕಲ್ ಮುಂದೆ ಸ್ವಲ್ಪ ಹೊತ್ತು ನಿಂತು, ಆಂಟಿಯ ಕೈ ಒಮ್ಮೆ ಹಿಡಿದು, ಹೊರಟುಹೋದಳು.

"ಈಕಿ ಯಾರವಾ?" ಎಂದರು ಆಂಟಿ.

ಆ ಶನಿವಾರದ ರೈಫಲ್ ಈಕೆಯದು ಎಂದೆ.

"ಹೌದಾ. ಅವತ್ತ ಮನಿಗೆ ಬಂದು ಉಣ್ಣಲೇ ಇಲ್ಲ ನೋಡು. ನನ್ನಿಂದ ಒಂದು ಜೀವ ಹೋಗತಿತ್ತು, ಟೆಸ್ಟ್ ಮಾಡೋದು ಮರೆತೆ ಅಂದ್ರು. ವಯಸ್ಸಾತು, ಕೆಲಸ ಬಿಡ್ರಿ ಅಂತ ನಾ ಭಾಳ ಜಗಳಾಡಿದೆ."

ನಾನು ಆಂಟಿಯ ಕಡೆ ತಿರುಗಿದೆ.

"ಮರೆತಿದ್ದು ಅವರಲ್ಲ ಆಂಟಿ" ಎಂದೆ. "ಮರೆತೂ ಇರ್ಲಿಲ್ಲ. ಅದು ನಾನು."