ಲಗಮಣ್ಣನ ಗಾಡಿಯ ಕೋಡುಗಳು

ಬೈಲಹೊಂಗಲದ ಬಸ್ ನಿಲ್ದಾಣದ ಎದುರು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ ಬಾಡಿಗೆ ಕಾರುಗಳಲ್ಲಿ ಲಗಮಣ್ಣನದು ಯಾವುದು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಉಳಿದ ಅಂಬಾಸಿಡರುಗಳು ಗಿರಾಕಿ ಬರುವ ರಸ್ತೆಗೆ ಮುಖ ಮಾಡಿ ನಿಂತರೆ, ಅವನದೊಂದು ಮಾತ್ರ ರಸ್ತೆಗೆ ಬೆನ್ನು ತಿರುಗಿಸಿ, ಮುನಿಸಿಕೊಂಡ ಅಳಿಯನ ಹಾಗೆ ನಿಂತಿರುತ್ತಿತ್ತು. ಗಿರಾಕಿ ಹೋದರೆ ಹೋಗಲಿ, ಇಳಿಹೊತ್ತಿನ ಬಿಸಿಲು ಮುಂದಿನ ಗಾಜಿಗೆ ಬಿದ್ದು ವೈಪರಿನ ರಬ್ಬರು ಒಣಗಬಾರದು ಎಂಬುದು ಅವನ ಹಟ.

ಬೇಸಿಗೆಯಲ್ಲಂತೂ ಎರಡೂ ವೈಪರುಗಳನ್ನು ಗಾಜಿನಿಂದ ಎತ್ತಿ, ಬುಡಕ್ಕೆ ಬೇವಿನ ಕಡ್ಡಿಯ ಚೂರು ಸಿಕ್ಕಿಸಿ ನಿಲ್ಲಿಸುತ್ತಿದ್ದ. ಕಾದ ಗಾಜಿಗೆ ರಬ್ಬರು ಒತ್ತಿಕೊಂಡೇ ಕೂತರೆ ಅದರ ಅಂಚು ಒಂದು ಕಡೆಗೆ ವಾಲುತ್ತದೆ, ವಾಲಿದ ಅಂಚು ನೀರನ್ನು ಒರೆಸುವುದಿಲ್ಲ, ಬಳಿಯುತ್ತದೆ ಎಂದು ನನಗೆ ಪಾಠ ಹೇಳಿದ್ದ. ಪಾಠ ಹೇಳುವುದು ನನ್ನ ಉದ್ಯೋಗ. ಬೇರೆಯವರಿಂದ ಹೇಳಿಸಿಕೊಳ್ಳುವುದು ನನಗೆ ಆಗಿಬರುವುದಿಲ್ಲ. ಆದರೂ ಕೇಳಿದ್ದೆ. ವೈಪರಿನ ಮಾತು ಬಂದಾಗ ಲಗಮಣ್ಣನ ಮುಖ ನೋಡಲಿಕ್ಕೆ ಚೆಂದ ಇರುತ್ತಿತ್ತು.

ನಾನು ಯಮುನಾಬಾಯಿ, ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕಾರು. ಎಪ್ಪತ್ತರ ದಶಕದಲ್ಲಿ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನೂ ಲಗಮಣ್ಣನ ಸಂಸಾರವೂ ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಬಾಡಿಗೆಗಿದ್ದೆವು. ನಡುವಿನ ಮೋಟುಗೋಡೆಯ ಮೇಲಿಂದ ಪಲ್ಯ, ಉಪ್ಪಿನಕಾಯಿ, ಸುದ್ದಿ ಎಲ್ಲವೂ ದಾಟುತ್ತಿದ್ದವು. ಮೊದಮೊದಲು ನಮ್ಮ ಪೈಕಿಯವರು ಇದಕ್ಕೆ ಮೂಗು ಮುರಿದರು. ನಾನು ಅವರ ಮೂಗಿನ ಚಿಂತೆ ಅವರಿಗೇ ಬಿಟ್ಟೆ.

ಲಗಮಣ್ಣನ ಅಪ್ಪ ಜಟ್ಟೆಪ್ಪ ಮಂದಿಯ ಎತ್ತು ಮೇಯಿಸಿ ಜೀವ ಸವೆಸಿದವರು. ಮಗ ಗುತ್ತಿಗೆದಾರರೊಬ್ಬರ ಬಳಿ ಚಾಲಕನಾಗಿ ವರ್ಷಗಟ್ಟಲೆ ದುಡಿದು, ಕಡೆಗೆ ಅವರ ಹಳೆಯ ಗಾಡಿಯನ್ನೇ ತನ್ನದು ಮಾಡಿಕೊಂಡಿದ್ದ. ರಾಜ್ಯದ ಹೆಸರು ಬದಲಾದರೂ ಅದರ ಮೇಲೆ ಮೈಸೂರಿನ ನಂಬರೇ ಇತ್ತು. ಬಾಗಿಲು ಎತ್ತಿ ಹಿಡಿದು ಹಾಕಬೇಕು, ಹಿಂದಿನ ಸೀಟಿನ ಸ್ಪ್ರಿಂಗು ಚುಚ್ಚುತ್ತಿತ್ತು. ಅದನ್ನೆಲ್ಲ ಅವನು ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಗಾಜು ಮಾತ್ರ ತಿಳಿನೀರಿನ ಹಾಗಿರಬೇಕು. "ಲಗಮಣ್ಣನ ಗಾಡಿಯೊಳಗ ಕುಂತರ ಮುಂದ ಗಾಜ ಐತೋ ಇಲ್ಲೋ ತಿಳಿಯಾಂಗಿಲ್ಲ" ಎಂದು ಪೇಟೆಯವರು ಹೇಳುತ್ತಿದ್ದರು. ಆ ಮಾತೇ ಅವನ ಆಸ್ತಿ.

ಜೂನಿನ ಮಿರಗದ ಮಳೆ ಬರುವ ಮೊದಲು ಬೆಳಗಾವಿಗೆ ಹೋಗಿ ಹೊಸ ವೈಪರು ತರುತ್ತಿದ್ದ. ಒಮ್ಮೆ ಜೊತೆಗೆ ಹೋದ ನಾನು ಆ ಖರೀದಿ ನೋಡಿ ಸುಸ್ತಾದೆ. ನನ್ನ ಪೈಕಿಯಲ್ಲಿ ವರ ಹುಡುಕಿದವರೂ ಅಷ್ಟು ಪರೀಕ್ಷೆ ಮಾಡಿದ್ದಿಲ್ಲ. ರಬ್ಬರನ್ನು ಮಡಚಿ ಬಿಟ್ಟು, ಅದು ತಟ್ಟನೆ ನೆಟ್ಟಗಾಗುತ್ತದೋ ಇಲ್ಲವೋ ನೋಡಿದ. ಬೆಳಕಿಗೆ ಹಿಡಿದು ಅಂಚು ಹುಡುಕಿದ. ಕಣ್ಣು ಮುಚ್ಚಿ ಗಲ್ಲದ ಮೇಲೆ ಎಳೆದುಕೊಂಡ. ಥಳಥಳ ಹೊಳೆಯುವುದನ್ನೆಲ್ಲ ಪಕ್ಕಕ್ಕೆ ಸರಿಸಿದ; ಬಹಳ ದಿನ ಅಂಗಡಿಯಲ್ಲಿ ಕೂತು ಬಿರುಸಾದ ರಬ್ಬರೇ ಹಾಗೆ ಹೊಳೆಯುತ್ತದಂತೆ. ಅಂಗಡಿಯವರು ಬೇಸತ್ತು ಪೆಟ್ಟಿಗೆಯನ್ನೇ ಅವನ ಮುಂದೆ ಸುರುವಿ ಚಹಾ ಕುಡಿಯಲು ಹೋದರು.

ತಂದ ಮೇಲಿನ ಉಪಚಾರ ಬೇರೆ. ಒಣ ಗಾಜಿನ ಮೇಲೆ ವೈಪರು ಆಡಿಸುವಂತಿಲ್ಲ. ತೊಳೆಯುವುದು ಬರೀ ನೀರಿನಲ್ಲಿ, ಒರೆಸುವುದು ಹಳೆಯ ಧೋತರದ ಚೂರಿನಲ್ಲಿ. ಎಲ್ಲಮ್ಮನ ಗುಡ್ಡದಲ್ಲಿ ಭಕ್ತರು ಗಾಜಿನ ಮೇಲೆ ಅರಿಶಿಣದ ಭಂಡಾರ ಎರಚಿದರೆ, ಮೊದಲು ಒಣಬಟ್ಟೆಯಲ್ಲಿ ಜಾಡಿಸಿ ಆಮೇಲೆ ನೀರು. ಮದುವೆಯವರು ಹೂವಿನ ಮಾಲೆಯನ್ನು ವೈಪರಿಗೆ ಕಟ್ಟಲು ಬಂದರೆ ಮದುಮಗನೆಂದೂ ನೋಡದೆ ಜಗಳಕ್ಕೆ ನಿಲ್ಲುತ್ತಿದ್ದ. ಎಣ್ಣೆಯ ಕೈಯವರನ್ನು ಮುಂದಿನ ಸೀಟಿಗೆ ಕೂಡಿಸುತ್ತಿರಲಿಲ್ಲ. ರಬ್ಬರಿಗೆ ಎಣ್ಣೆಯಷ್ಟು ದೊಡ್ಡ ವೈರಿ ಇಲ್ಲವಂತೆ. ಸವದತ್ತಿಯ ಪೇಟೆಯಲ್ಲಿ ಕಳವಿಗೆ ಹೆದರಿ ಎರಡನ್ನೂ ಬಿಚ್ಚಿ ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡೇ ಚಹಾದಂಗಡಿಗೆ ಹೋಗುತ್ತಿದ್ದ. ಅವು ಅವನ ಕಿವಿಯ ತನಕ ಚಾಚಿಕೊಂಡಿರುತ್ತಿದ್ದವು.

ಇಷ್ಟೆಲ್ಲ ಪಾಠವನ್ನು ಊರಿಗೇ ಹೇಳಿದವನು ಮನೆಯಲ್ಲಿ ಹೇಳಿರಲಿಲ್ಲ. ಗಂಡಸರ ಬುದ್ಧಿಯೇ ಅಷ್ಟು.

ಅವನ ಹೆಂಡತಿ ತಾಯವ್ವ ಸವದತ್ತಿ ತಾಲ್ಲೂಕಿನ ಹೂಲಿಯವಳು. ಕಡಿಮೆ ಮಾತಿನ, ಬಹಳ ನಗೆಯ ಹೆಣ್ಣುಮಗಳು. ಅಂಗಳದಲ್ಲಿ ಗಾಡಿ ನಿಂತಾಗ ಮೇಲೆದ್ದಿರುವ ಆ ಎರಡು ವೈಪರುಗಳನ್ನು ಅವಳು ಕರೆಯುತ್ತಿದ್ದುದು 'ಕೋಡು' ಎಂದು. ಮಳೆ ಬಂದಾಗ ಗಾಡಿ ಕೋಡು ಅಲ್ಲಾಡಿಸುತ್ತದೆ ಎನ್ನುವಳು. ನೋಡಿದರೆ ಹಾಗೇ ಕಾಣುತ್ತಿತ್ತು. ಅಂಗಳದಲ್ಲಿ ದೊಡ್ಡದೊಂದು ಎತ್ತು ಮಲಗಿದ ಹಾಗೆ.

ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರಬೇಕು. ಕಾರ ಹುಣ್ಣಿಮೆಯ ದಿನ ಲಗಮಣ್ಣ ತಮ್ಮನ ಮಗುವಿನ ತೊಟ್ಟಿಲ ಕಾರ್ಯಕ್ಕೆ ಬಸ್ಸು ಹತ್ತಿ ಕಿತ್ತೂರಿಗೆ ಹೋಗಿದ್ದ. ಊರಲ್ಲೆಲ್ಲ ಎತ್ತುಗಳಿಗೆ ಮೈ ತೊಳೆದು, ಕೋಡಿಗೆ ಎಣ್ಣೆ, ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸುವ ಸಡಗರ. ಸಂಜೆ ನಾನು ಶಾಲೆಯಿಂದ ಬಂದಾಗ ತಾಯವ್ವ ಗಾಡಿಯ ಮುಂದೆ ಆರತಿ ಹಿಡಿದು ನಿಂತಿದ್ದಳು. ವೈಪರುಗಳ ತುದಿಗೆ ಕೆಂಪು ಉಣ್ಣೆಯ ಗೊಂಡೆ ಕಟ್ಟಿದ್ದಳು. ಅವು ಕರ್ರಗೆ ಮಿಂಚುತ್ತಿದ್ದವು, ತೊಳೆದಿರಬೇಕು ಎಂದುಕೊಂಡೆ. ಗೊಂಡೆ ಕಂಡರೆ ಅವರು ಬೈಯುತ್ತಾರೆ, ಹೇಳಬೇಡಿರಿ ಎಂದು ನನ್ನಿಂದ ಮಾತು ತೆಗೆದುಕೊಂಡು, ಗಂಡ ಬರುವ ಹೊತ್ತಿಗೆ ಎಲ್ಲ ಬಿಚ್ಚಿಟ್ಟಳು.

ಮರುದಿನ ನನಗೆ ಸವದತ್ತಿಯಲ್ಲಿ ಶಿಕ್ಷಕರ ಸಭೆ. ಪೇಟೆಯ ಅಡತಿ ವ್ಯಾಪಾರಿ ಅಂದಾನೆಪ್ಪನವರು ಮಗಳಿಗೆ ವರ ನೋಡಲು ರಾಮದುರ್ಗಕ್ಕೆ ಹೊರಟಿದ್ದರು. ಅದೇ ಗಾಡಿಯಲ್ಲಿ ನನಗೂ ಜಾಗ ಸಿಕ್ಕಿತು. ಅಂದಾನೆಪ್ಪನವರು ಲಗಮಣ್ಣನ ಖಾಯಂ ಗಿರಾಕಿ. ಬೆಳ್ಳಗೆ ಇಸ್ತ್ರಿಯ ಧೋತರ, ಜರಿಯ ರುಮಾಲು, ದಾರಿಯುದ್ದಕ್ಕೂ ವರನ ಮನೆಯ ಹೊಲದ ವರ್ಣನೆ.

ಮುನವಳ್ಳಿ ದಾಟುತ್ತಲೇ ಮಳೆ ಹಿಡಿಯಿತು. ಆ ವರ್ಷದ ಮೊದಲ ದೊಡ್ಡ ಮಳೆ. ಲಗಮಣ್ಣ ಹುರುಪಿನಿಂದ ವೈಪರಿನ ಗುಂಡಿ ತಿರುಗಿಸಿದ. ಹೊಸ ವೈಪರು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಹೋದವು, ಗಾಜಿನ ಮೇಲೆ ಮಜ್ಜಿಗೆ ಬಳಿದಂತಾಯಿತು. ಒರೆಸಿದಷ್ಟೂ ದಟ್ಟವಾಯಿತು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ನಿಧಾನ ಮಾಡುವಷ್ಟರಲ್ಲಿ ಆ ಮಬ್ಬಿನೊಳಗೆ ಎರಡು ಕೆಂಪು ಕೋಡು ಕಂಡವು. ಎದುರಿಗೆ ಚಕ್ಕಡಿ. ಲಗಮಣ್ಣ ಗಾಡಿಯನ್ನು ಪಕ್ಕಕ್ಕೆ ಎಳೆದ. ಅದು ಜಾರಿ, ರಸ್ತೆ ಬಿಟ್ಟು, ಎರೆಮಣ್ಣಿನ ರಾಡಿಯಲ್ಲಿ ಕೂತಿತು. ಎತ್ತುಗಳು ನಿನ್ನೆ ಬಣ್ಣ ಹಚ್ಚಿಸಿಕೊಂಡ ಕೋಡು ಆಡಿಸುತ್ತ ತಮ್ಮ ಪಾಡಿಗೆ ನಿಂತಿದ್ದವು.

ಯಾರಿಗೂ ಏನೂ ಆಗಲಿಲ್ಲ, ಅಂದಾನೆಪ್ಪನವರ ಧೋತರದ ಹೊರತು. ಚಕ್ಕಡಿಯವರು ಇಳಿದು ಬಂದು ಕೈ ಹಚ್ಚಿದರು, ಇವರೂ ತಳ್ಳಬೇಕಾಯಿತು. ಗಾಡಿ ಮೇಲೆ ಬಂದಾಗ ಬೀಗರ ಮನೆಗೆ ಹೊರಟ ಮನುಷ್ಯ ಸೊಂಟದ ತನಕ ಕರಿಮಣ್ಣಾಗಿದ್ದರು.

ಲಗಮಣ್ಣ ವೈಪರಿನ ಮೇಲೆ ಬೆರಳು ಎಳೆದು ಮೂಸಿ ನೋಡಿದ. ನಾನೂ ಮೂಸಿದೆ. ಕುಸುಬಿ ಎಣ್ಣೆ. ಅವನು ಮಳೆಯಲ್ಲಿ ಮತ್ತೆ ಹೊರಟ ಚಕ್ಕಡಿಯ ಎತ್ತುಗಳ ಕೋಡನ್ನೇ ನೋಡಿದ. ನಾನು ಅವನ ಸಿಟ್ಟಿಗೆ ಕಾದೆ. ಸಿಟ್ಟು ಬರಲಿಲ್ಲ.

ಯಾವ ಮೂರ್ಖ ಇದಕ್ಕೆ ಎಣ್ಣೆ ಸವರಿದ್ದು ಎಂದು ಅಂದಾನೆಪ್ಪನವರು ಕೇಳಿದರು.

"ನಾನ ಹಚ್ಚೇನ್ರಿ ಸಾವ್ಕಾರ್ರ," ಎಂದ ಲಗಮಣ್ಣ. "ರಬ್ಬರ ಮೆತ್ತಗ ಆಗ್ಲಿ ಅಂತ. ತಪ್ಪಾತ್ರಿ."

ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು. ಅವನು ನನ್ನ ಕಡೆ ತಿರುಗಿ, ಚೀಲದಲ್ಲಿ ಖಡು ಇದೆಯೇ ಎಂದು ಕೇಳಿ ಅದನ್ನು ಅಲ್ಲಿಗೇ ತಡೆದ. ಬೋರ್ಡಿಗೆ ಬರೆಯುವ ಖಡುವಿನ ಪೊಟ್ಟಣ ಸಭೆಗೆಂದು ಇಟ್ಟುಕೊಂಡಿದ್ದೆ. ಮಳೆ ಸಣ್ಣಗಾದ ಮೇಲೆ ಅದನ್ನು ಪುಡಿ ಮಾಡಿ, ಒದ್ದೆ ಬಟ್ಟೆಯಲ್ಲಿ ಅದ್ದಿ, ಗಾಜನ್ನೂ ರಬ್ಬರನ್ನೂ ತಿಕ್ಕಿ ತಿಕ್ಕಿ ಎಣ್ಣೆ ಬಿಡಿಸಿದ. ನಾವು ಮುಂದೆ ಹೋದೆವು. ಅಂದಾನೆಪ್ಪನವರು ಸವದತ್ತಿಯಲ್ಲೇ ಇಳಿದು ಬೇರೆ ಗಾಡಿ ಹಿಡಿದರು.

ಸಂಜೆ ಓಣಿಗೆ ತಿರುಗಿ ಬಂದಾಗ ತಾಯವ್ವ ಬಾಗಿಲಲ್ಲೇ ಇದ್ದಳು. ಮಳೆಯಲ್ಲಿ ಗಾಡಿ ಹೇಗೆ ಓಡಿತು ಎಂದು ಕೇಳಿದಳು. ಕೇಳುವಾಗ ನಗೆ ತಡೆಯಲು ಸೆರಗಿನ ತುದಿ ಕಚ್ಚಿಕೊಂಡಿದ್ದಳು. ತಪ್ಪು ಕಂಡಲ್ಲಿ ತಿದ್ದುವುದು ನನ್ನ ಹುಟ್ಟುಗುಣ, ಬಾಯಿ ತೆರೆದೆ. ಲಗಮಣ್ಣ ನನ್ನನ್ನು ನೋಡಿದ. ಆ ನೋಟಕ್ಕೆ ನಾನು ಬಾಯಿ ಮುಚ್ಚಿದೆ.

"ಭಾಳ ಚಲೋ ಓಡಿತು," ಎಂದ. "ಯಾರೋ ಪೂಜಿ ಮಾಡಿ ಕಳಿಸಿದಂಗಿತ್ತು."

ಅವಳಿಗೆ ತಡೆಯಲಾಗಲಿಲ್ಲ. ಕೋಡಿಗೆ ಎಣ್ಣೆ ಹಚ್ಚಿದ್ದು, ಗೊಂಡೆ ಕಟ್ಟಿದ್ದು, ಹೋಳಿಗೆಯ ಚೂರನ್ನು ಬಾನೆಟ್ಟಿನ ಮೇಲಿಟ್ಟದ್ದು ಎಲ್ಲ ಹೇಳಿಬಿಟ್ಟಳು. ಅವನು ಮೊದಲ ಸಲ ಕೇಳುವವನಂತೆ ಕೇಳಿ, ವರ್ಷಾವರ್ಷ ಹೀಗೇ ಮಾಡು ಎಂದ.

ಅಂದಾನೆಪ್ಪನವರು ಪೇಟೆಗೆಲ್ಲ ಕಥೆ ಹೇಳಿದರು. ಆ ಮಳೆಗಾಲ ಮುಗಿಯುವುದರೊಳಗೆ ಗಾಜಿನ ಲಗಮಣ್ಣ 'ಎಣ್ಣಿ ಲಗಮ' ಆಗಿದ್ದ. ಖಾಯಂ ಗಿರಾಕಿ ಬೇರೆ ಗಾಡಿಗೆ ಹೋದರು. ಬೇವಿನ ಮರದ ಕೆಳಗಿನ ಚಾಲಕರು ಅವನ ಬಾನೆಟ್ಟಿನ ಮೇಲೆ ಎಣ್ಣೆಯ ಡಬ್ಬಿ ಇಟ್ಟು ಅಡ್ಡಬಿದ್ದು ನಗುತ್ತಿದ್ದರು. ಅವನೂ ನಗುತ್ತಿದ್ದ. ನನಗೆ ಮಾತ್ರ ಮೈ ಉರಿಯುತ್ತಿತ್ತು. ಒಂದು ದಿನ ಅಂದಾನೆಪ್ಪನವರ ಅಂಗಡಿಗೇ ಹೋಗಿ ನಿಜ ಹೇಳಿ ಬರುತ್ತೇನೆಂದು ಹೊರಟೆ. ಲಗಮಣ್ಣ ಅಡ್ಡ ಬಂದ.

"ಬ್ಯಾಡ್ರಿ ಅಕ್ಕಾರ. ಸಣ್ಣಾಕಿದ್ದಾಗಿಂದ ಹೂಲ್ಯಾಗ ಮಂದಿ ಎತ್ತಿನ ಕೋಡಿಗೆ ಎಣ್ಣಿ ಹಚ್ಚ್ಯಾಳ. ಆರತಿ ಹೊತ್ತಿಗೆ ಆಕೀನ್ನ ಅಂಗಳದಿಂದ ಹೊರಗ ನಿಲ್ಲಸ್ತಿದ್ರು. ಈಗ ನಮ್ಮ ಅಂಗಳದಾಗ ನಮ್ಮವ ಕೋಡು ಬಂದಾವ. ಅದೂ ತಪ್ಪಂತ ನಾ ಯಾವ ಬಾಯಿಲೆ ಹೇಳ್ಲಿ?"

ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಆ ಮನುಷ್ಯನ ಮೇಲೆ ನನಗಿದ್ದ ವಿಶ್ವಾಸ ಆವತ್ತಿನಿಂದ ಬೇರೆಯೇ ಆಯಿತು.

ಮುಂದಿನ ಕಾರ ಹುಣ್ಣಿಮೆಯ ನಸುಕಿನಲ್ಲಿ ಅವನು ಮೋಟುಗೋಡೆಯ ಬಳಿ ಬಂದು ಕಾಗದದಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ನನ್ನ ಕೈಗಿಟ್ಟ. ಆ ವರ್ಷದ ಹೊಸ ವೈಪರುಗಳು. ನಾಳೆಯ ತನಕ ಇರಲಿ ಎಂದ. ಗಾಡಿಯ ಮೇಲೆ ಎಲ್ಲಿಂದಲೋ ಹುಡುಕಿ ತಂದ, ರಬ್ಬರು ಸವೆದ ಹಳೆಯ ಜೋಡಿ ನಿಂತಿತ್ತು. ತಾಯವ್ವ ಅವಕ್ಕೆ ಎಣ್ಣೆ ಹಚ್ಚಿ, ಗೊಂಡೆ ಕಟ್ಟಿ, ಆರತಿ ಎತ್ತಿದಳು. ಮರುದಿನ ಅವು ಹೋಗಿ ಹೊಸವು ಬಂದವು. ಆಮೇಲೆ ಪ್ರತಿ ವರ್ಷ ಇದೇ ನಡೆಯಿತು. ನನ್ನ ಪಡಸಾಲೆಯ ಮೂಲೆಯಲ್ಲಿ ನಕಾಶೆಗಳ ಸುರುಳಿಯ ಜೊತೆ ಆ ಗಂಟು ಒಂದು ದಿನದ ಅತಿಥಿಯಾಗಿ ನಿಲ್ಲುತ್ತಿತ್ತು.

ದಶಕ ಮುಗಿಯುವ ಹೊತ್ತಿಗೆ ನನಗೆ ರಾಮದುರ್ಗಕ್ಕೆ ವರ್ಗವಾಯಿತು. ಬೈಲಹೊಂಗಲದಲ್ಲಿ ಅದು ನನ್ನ ಕೊನೆಯ ಕಾರ ಹುಣ್ಣಿಮೆ. ಲಗಮಣ್ಣ ಗಂಟು ಕೊಟ್ಟು ಹೋಗಿ ಸ್ವಲ್ಪ ಹೊತ್ತಾಗಿತ್ತು. ತಾಯವ್ವ ಎಣ್ಣೆಯ ಬಟ್ಟಲು ಹಿಡಿದು ಪಡಸಾಲೆಗೆ ಬಂದಳು. ನೇರವಾಗಿ ಮೂಲೆಯ ಕಡೆ ನೋಡಿದಳು.

"ಅಕ್ಕಾರ, ಖರೇ ಕೋಡು ಅಲ್ಲಿ ಇಡಬ್ಯಾಡ್ರಿ. ಪೆಟ್ಟಿಗ್ಯಾಗ ಇಡ್ರಿ. ಇಲಿ ಕಡದಾವು."

ಯಾವಾಗಿನಿಂದ ಗೊತ್ತು ಎಂದು ಕೇಳಿದೆ. ಆ ಮೊದಲ ಮಳೆಗಾಲದಲ್ಲೇ ಪೇಟೆಯಲ್ಲಿ ಮಂದಿ ಅವನನ್ನು ಎಣ್ಣಿ ಲಗಮ ಎಂದು ಕೂಗಿದ್ದನ್ನು ಕೇಳಿದ್ದಳಂತೆ. ಉಳಿದದ್ದು ಅವಳಿಗೇ ತಿಳಿಯಿತು.

"ಆ ಹೆಸರ ನಂದ್ರಿ," ಎಂದಳು. "ಅವರು ಹೊತಗೊಂಡ ತಿರಗ್ಯಾಡಾಕತ್ತಾರ. ನಾ ಎಣ್ಣಿ ಹಚ್ಚೂದ ಬಿಟ್ರ, ನನಗ ತಿಳಿದೈತಿ ಅಂತ ಅವರಿಗೆ ತಿಳೀತೈತಿ. ಅದಕ್ಕ ಹಚ್ಚತೇನಿ."

ಆ ಹೊತ್ತಿಗೆ ಲಗಮಣ್ಣ ಅಂಗಳದಿಂದ ಕೂಗಿದ, ಆರತಿಗೆ ಹೊತ್ತಾಯಿತು ಎಂದು. ಅವಳು ಕಣ್ಣೊರೆಸಿಕೊಂಡು ಹೋದಳು. ನಾನು ಗಂಟನ್ನು ಪೆಟ್ಟಿಗೆಯಲ್ಲಿಟ್ಟು, ಎಂದಿನಂತೆ ನಮ್ಮ ಬಾಗಿಲಲ್ಲಿ ನಿಂತು ನೋಡತೊಡಗಿದೆ. ಅವನು ಟೊಪ್ಪಿಗೆ ತೆಗೆದು ಗಾಡಿಯ ಮುಂದೆ ಕೈ ಮುಗಿದು ನಿಂತಿದ್ದ, ಏನೂ ಗೊತ್ತಿಲ್ಲದವನಂತೆ. ಅವಳು ಆ ಹಳೆಯ ರಬ್ಬರಿಗೆ ಎಣ್ಣೆ ತಿಕ್ಕುತ್ತಿದ್ದಳು, ಏನೂ ಗೊತ್ತಿಲ್ಲದವಳಂತೆ. ಆರತಿ ಹಚ್ಚಿದ ಮೇಲೆ ತಾಯವ್ವ ನನ್ನ ಕಡೆ ತಿರುಗಿದಳು.

"ಅಕ್ಕಾರ, ಒಳಗ ಬರ್ರಿ," ಎಂದಳು. "ನಮ್ಮ ಅಂಗಳದಾಗ ಆರತಿ ಹೊತ್ತಿಗೆ ಯಾರೂ ಹೊರಗ ನಿಲ್ಲಬಾರದ್ರಿ."

ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ. ತಟ್ಟೆಯ ಇನ್ನೊಂದು ತುದಿಯನ್ನು ಅವಳು ನನ್ನ ಕೈಗೆ ಕೊಟ್ಟಳು.